ಸಾವಳಗಿಯ ಸೀಮೆಯಲ್ಲಿ ಸಕ್ಕರೆಯ ವಿಚಾರ

ಜಮಖಂಡಿಯನ್ನು ಬಿಟ್ಟು ಉತ್ತರಕ್ಕೆ ಹೊರಟು, ಕೃಷ್ಣೆಯನ್ನು ದಾಟಿ ಸಾವಳಗಿಯ ಕಡೆಗೆ ಸಾಗುವ ಪ್ರವಾಸಿಗನ ಕಣ್ಣಿಗೆ ಎರಡು ಬಣ್ಣಗಳು ಎದ್ದು ಕಾಣುವವು. ಒಂದು ಎರೆಯ ಭೂಮಿಯ ಕಪ್ಪು. ಇನ್ನೊಂದು ಕಬ್ಬಿನ ಹಸುರು. ಕಪ್ಪು ಬಣ್ಣವು ಈ ನೆಲದ ಹುಟ್ಟುಗುಣ. ಇಷ್ಟು ವಿಸ್ತಾರವಾದ ಹಸುರಾದರೋ ಮನುಷ್ಯನ ಬೆವರಿನ ಫಲ. ಮಳೆಯನ್ನೇ ನಂಬಿ ಜೋಳ, ಕಡಲೆ, ಕುಸುಬಿಗಳನ್ನು ಬಿತ್ತಿಕೊಂಡು ಬಂದ ಬಯಲುಸೀಮೆಯಿದು. ಹೊಳೆಯು ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಬೇಸಗೆಯಲ್ಲಿ ಅದರ ಪಾತ್ರವು ಒಣಗಿ, ದಂಡೆಯ ಒಕ್ಕಲಿಗನು ಮುಗಿಲು ನೋಡುತ್ತ ಕುಳಿತಿರಬೇಕಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದವರು ಇಲ್ಲಿಯ ರೈತರೇ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ೧೯೮೯ರಲ್ಲಿ ಅವರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮ ಹಣವನ್ನೂ ತಮ್ಮ ಮೈದುಡಿತವನ್ನೂ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜನ್ನು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರಾಯಿತು. ಬೆವರಿನ ಹನಿಗಳೇ ಕೂಡಿ ಸಾಗರವಾದವೆಂಬ ಈ ಹೆಸರಿಗಿಂತ ಸಾರ್ಥಕವಾದ ಹೆಸರು ಇನ್ನಾವದಿರಬಲ್ಲದು? ನೀರು ನಿಂತಿತು, ಪಂಪುಗಳು ಓಡಿದವು, ಕಬ್ಬು ಎದ್ದಿತು. ಇಂದು ಮುಧೋಳ, ಜಮಖಂಡಿಗಳ ಸುತ್ತಲೂ ಸಕ್ಕರೆ ಕಾರಖಾನೆಗಳ ಹೊಗೆಗೊಳವಿಗಳು ಕಾಣುವವು. ಮಹಾಲಿಂಗಪುರದ ಬೆಲ್ಲದ ಪೇಟೆಯಂತೂ ದೂರದ ವರೆಗೆ ಹೆಸರಾದದ್ದು. ಕಬ್ಬಿನ ಹಂಗಾಮು ಬಂದಿತೆಂದರೆ ಹೊರೆ ಹೊತ್ತ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನು ತುಂಬಿ, ಗಾಣದ ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ವಾಸನೆಯು ಗಾಳಿಯಲ್ಲಿ ಹರಡಿರುವದು. ನೂರು ಕಿಲೋ ಕಬ್ಬನ್ನು ಅರೆದರೆ ಸುಮಾರು ಹತ್ತು ಕಿಲೋ ಸಕ್ಕರೆ ದೊರೆಯುವದು. ಮಗಳ ಮದುವೆ, ಮಗನ ಓದು, ಮನೆಯ ಮಾಳಿಗೆ ಎಲ್ಲವೂ ಆ ಹತ್ತನೆಯ ಪಾಲಿನಿಂದಲೇ ಆಗತಕ್ಕವು.

ಇಂಥ ನಾಡಿನಲ್ಲಿ ‘ಸಕ್ಕರೆಯನ್ನು ಬಿಡಿರಿ’ ಎಂದು ಹೇಳುವದು ಮೀನಿಗೆ ನೀರನ್ನು ಬಿಡಲು ಹೇಳಿದಂತೆ ತೋರಬಹುದು. ಆದರೆ ಈಗ ಆ ಮಾತನ್ನು ಕೇಳಬೇಕಾದ ಮನೆಗಳು ಊರೂರಿಗೂ ಇವೆ. ನಮ್ಮ ದೇಶದಲ್ಲಿ ಸಿಹಿಮೂತ್ರದ ರೋಗವುಳ್ಳವರ ಸಂಖ್ಯೆಯು ೧೦ ಕೋಟಿಯನ್ನು ಮೀರಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಸಮೀಕ್ಷೆಯು ೨೦೨೩ರಲ್ಲಿ ತಿಳಿಸಿತು. ಇದು ಪಟ್ಟಣದ ಸಿರಿವಂತರ ರೋಗವೆಂಬ ಹಳೆಯ ಮಾತು ಇನ್ನು ನಡೆಯದು.

ಸಾವಳಗಿಯ ಸೀಮೆಯಲ್ಲಿ ನಮ್ಮನ್ನು ಬರಮಾಡಿಕೊಂಡ ಗೌಡರೊಬ್ಬರು ಇದನ್ನು ನಗುನಗುತ್ತಲೇ ಹೇಳಿದರು: “ಸಕ್ಕರಿ ಬಿಡ್ರಿ ಅಂತಾರ ಡಾಕ್ಟರು. ಬಿಟ್ಟು ಎಲ್ಲಿಗೆ ಹೋಗೂದ್ರಿ? ಮನಿ ಸುತ್ತ ಎದಿಮಟ ನಿಂತೈತಿ!” ಮಾತು ವಿನೋದದ್ದಾದರೂ ಅದರ ಒಳಗೆ ನೋವಿತ್ತು. ಅವರ ತಂದೆಗೆ ಇದೇ ರೋಗದಿಂದ ಕಾಲಿನ ಹುಣ್ಣು ಮಾಯದೆ, ಕಡೆಗೆ ಕಾಲನ್ನೇ ಕತ್ತರಿಸಬೇಕಾಗಿತ್ತು. ಹೊಲದ ಬದುವಿನ ಮೇಲೆ ನಡೆದಾಡುವದೇ ಬದುಕಾದ ಒಕ್ಕಲಿಗನಿಗೆ ಕಾಲು ಹೋಗುವದೆಂದರೇನೆಂಬದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಕ್ಕರೆ ತಿಂದ ಮಾತ್ರಕ್ಕೆ ಈ ರೋಗವು ಬರುವದೆಂದಲ್ಲ. ವಂಶದ ಗುಣ, ಮೈಯ ಬೊಜ್ಜು, ದುಡಿತದ ಅಭಾವ ಇವೆಲ್ಲವೂ ಅದಕ್ಕೆ ಕಾರಣಗಳು. ಆದರೆ ಮಿತಿಮೀರಿದ ಸಿಹಿಯು ಬೊಜ್ಜನ್ನು ಬೆಳೆಸುವದು. ರೋಗವು ಬಂದ ಮೇಲಂತೂ ರಕ್ತದೊಳಗಿನ ಸಕ್ಕರೆಯನ್ನು ಬೇಗನೆ ಏರಿಸುವದು. ಇದಲ್ಲದೆ ಮಕ್ಕಳ ಹಲ್ಲನ್ನು ಕೆಡಿಸುವದರಲ್ಲಿ ಅದರ ಕೈ ದೊಡ್ಡದು.

ಹಾಗಾದರೆ ಹಿಂದಿನವರು ಸಿಹಿಯನ್ನು ತಿನ್ನುತ್ತಿರಲಿಲ್ಲವೇ? ತಿನ್ನುತ್ತಿದ್ದರು, ಮನಸಾರೆ ತಿನ್ನುತ್ತಿದ್ದರು. ಆದರೆ ಅವರ ಸಿಹಿಗೆ ಪಂಚಾಂಗವಿತ್ತು. ಸಂಕ್ರಮಣಕ್ಕೆ ಕುಸುರೆಳ್ಳು, ಹೋಳಿ ಹುಣ್ಣಿವೆಗೆ ಹೋಳಿಗೆ, ಯುಗಾದಿಗೆ ಬೇವು-ಬೆಲ್ಲ, ನಾಗರಪಂಚಮಿಗೆ ತರತರದ ಉಂಡಿ, ಎಳ್ಳ ಅಮಾವಾಸ್ಯೆಯ ಚರಗಕ್ಕೆ ಕಡಬು, ಮದುವೆ-ಜಾತ್ರೆಗಳಿಗೆ ಮಾದಲಿ ಮತ್ತು ಗೋದಿಯ ಹುಗ್ಗಿ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳಿನ ಹಿಂಡಿ, ಮೊಸರು. ಇದರ ಜೊತೆಗೆ ಸೂರ್ಯೋದಯದಿಂದ ಸೂರ್ಯಾಸ್ತದ ವರೆಗೆ ದುಡಿತ. ಸಿಹಿಯು ಹಬ್ಬದ ಅತಿಥಿಯಾಗಿತ್ತು. ಈಗ ಅದು ಮನೆಯ ಕಾಯಂ ಬಾಡಿಗೆದಾರನಾಗಿದೆ.

ಈ ಬಾಡಿಗೆದಾರನು ಒಳಹೊಕ್ಕ ಬಾಗಿಲು ಯಾವದು? ಅದು ಚಹಾ. ನಮ್ಮ ಕಡೆಯ ಚಹದ ಕಪ್ಪು ಸಣ್ಣದು. ಆದರೆ ಸಿಹಿಯು ಗಟ್ಟಿ, ಸರದಿಯೂ ಹೆಚ್ಚು. ಎದ್ದೊಡನೆ ಒಂದು, ಹೊಲಕ್ಕೆ ಹೋಗುವಾಗ ಒಂದು, ಪೇಟೆಯಲ್ಲಿ ಒಂದು, ಬೀಗರು ಬಂದರೆ ಒಂದು, ಸಂಜೆಗೆ ಒಂದು. ಕಪ್ಪಿಗೆ ಎರಡು ಚಮಚವೆಂದರೂ ದಿನಕ್ಕೆ ಹತ್ತು ಚಮಚ. ಚಮಚಕ್ಕೆ ೪ ಗ್ರಾಮಿನಂತೆ ಹಿಡಿದರೆ ದಿನಕ್ಕೆ ೪೦ ಗ್ರಾಂ, ತಿಂಗಳಿಗೆ ೧೨೦೦ ಗ್ರಾಂ, ವರ್ಷಕ್ಕೆ ೧೪ ಕಿಲೋವಿಗೂ ಮೇಲೆ! ಇದೆಲ್ಲ ಒಬ್ಬ ಮನುಷ್ಯನ ಹೊಟ್ಟೆಗೆ, ಅದೂ ಚಹದೊಡನೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಕೊಟ್ಟ ಸಲಹೆಯಾದರೋ ಬೇರೆ. ಆಹಾರದಿಂದ ದೊರೆಯುವ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು; ಐದಕ್ಕಿಂತ ಕಡಿಮೆಯಿದ್ದರೆ ಇನ್ನೂ ಉತ್ತಮ. ಸಾಮಾನ್ಯ ಆಹಾರದವನಿಗೆ ಐದರ ಪಾಲೆಂದರೆ ದಿನಕ್ಕೆ ಸುಮಾರು ೨೫ ಗ್ರಾಂ, ಅಂದರೆ ಆರು ಚಮಚ.

“ಸಕ್ಕರೆ ಬೇಡವಾದರೆ ಬೆಲ್ಲವಿದೆಯಲ್ಲ” ಎಂದು ಕೆಲವರು ಸಮಾಧಾನಪಡುವರು. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಅಂಶಗಳು ಅಲ್ಪಸ್ವಲ್ಪ ಇರುವದು ನಿಜ, ರುಚಿಯೂ ತುಂಬಿದ್ದು. ಆದರೆ ಅದರ ಬಹುಭಾಗವು ಸಕ್ಕರೆಯೇ. ಒಂದೇ ಕಬ್ಬಿನ ಹಾಲು ಕಾರಖಾನೆಯನ್ನು ಹೊಕ್ಕರೆ ಬಿಳಿಯ ಹರಳು, ಗಾಣವನ್ನು ಹೊಕ್ಕರೆ ಕಂದು ಪೆಂಟಿ. ಅಂಗಿಯ ಬಣ್ಣವು ಬದಲಾದ ಮಾತ್ರಕ್ಕೆ ಆಳು ಬೇರೆಯಾದಾನೇ? ಜೇನುತುಪ್ಪಕ್ಕೂ ಕಬ್ಬಿನ ಹಾಲಿಗೂ ಇದೇ ಮಾತು.

ಇನ್ನು ಬಿಡುವ ಬಗೆಯನ್ನು ಕುರಿತು. ಇದನ್ನು ಆ ಗೌಡರ ಮನೆಯ ಯಜಮಾನಿತಿಯಿಂದಲೇ ಕೇಳುವದು ಲೇಸು. ಆಕೆ ಬಾಗಿಲ ಬಳಿ ನಿಂತು ಹೇಳಿದಳು: “ಒಮ್ಮಿಗೇ ಬಿಡಸಾಕ ಹೋಗಲಿಲ್ರಿ ಅಣ್ಣಾರ. ಸಣ್ಣ ಚಮಚಾ ತಂದ್ನಿ. ಹದಿನೈದು ದಿನಾ ಆದ ಮ್ಯಾಲ ಅದನ್ನೂ ಅರ್ಧಾ ತುಂಬಿದ್ನಿ. ಇವರಿಗೂ ಅದ ಚಾ, ನಮಗೂ ಅದ ಚಾ.” ಇಷ್ಟು ಸರಳವಾದ ಮಾತಿನಲ್ಲಿ ಮೂರು ತತ್ತ್ವಗಳಿವೆ.

ಮೊದಲನೆಯದು, ನಿಧಾನ. ನಾಲಿಗೆಯು ಅಭ್ಯಾಸದ ಕೂಸು. ಸಿಹಿಯನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತ ಹೋದರೆ ಕೆಲವು ವಾರಗಳಲ್ಲಿ, ತಪ್ಪಿದರೆ ಕೆಲವು ತಿಂಗಳುಗಳಲ್ಲಿ, ನಾಲಿಗೆಯು ಅಷ್ಟಕ್ಕೇ ತೃಪ್ತಿಪಡುವದನ್ನು ಕಲಿಯುವದು. ಮೊದಲಿನ ಚಹವೇ ಅತಿ ಸಿಹಿಯೆಂದು ತೋರುವದು. ಎರಡನೆಯದು, ಕಣ್ಣಿನ ಅಳತೆಯನ್ನು ಬಿಟ್ಟು ಚಮಚದ ಅಳತೆಯನ್ನು ಹಿಡಿಯುವದು. ಮೂರನೆಯದೇ ಮುಖ್ಯವಾದದ್ದು: ಒಬ್ಬರಿಗೆ ಪಥ್ಯ, ಉಳಿದವರಿಗೆ ಪಾಯಸವೆಂಬ ಭೇದವನ್ನು ಮನೆಯೊಳಗೆ ತರಕೂಡದು. ಪಂಕ್ತಿಯಲ್ಲಿ ಒಬ್ಬನನ್ನೇ ರೋಗಿಯೆಂದು ಬೇರೆ ಕೂಡ್ರಿಸಿದರೆ ಅವನು ಮನೆಯಲ್ಲಿ ಸಂಯಮದಿಂದಿದ್ದು ಪೇಟೆಯಲ್ಲಿ ಸೇಡು ತೀರಿಸಿಕೊಳ್ಳುವನು. ಇಡಿಯ ಮನೆಯೇ ಆ ದಾರಿಯನ್ನು ಹಿಡಿದರೆ ಅದು ಪಥ್ಯವಾಗದೆ ಮನೆಯ ರೂಢಿಯಾಗುವದು, ಮಕ್ಕಳಿಗೂ ಲಾಭವಾಗುವದು.

ಊಟವಾದ ಮೇಲೆ ‘ಏನಾದರೂ ಸಿಹಿ ಬೇಕು’ ಎಂದು ಬಾಯಿ ಹಟ ಹಿಡಿಯುವದುಂಟು. ಈ ಹಟವು ಸ್ವಲ್ಪ ಹೊತ್ತಿನದು. ಬಡೇಸೋಪನ್ನೋ ಏಲಕ್ಕಿಯ ಕಾಳನ್ನೋ ಅಗಿದು, ಅಂಗಳದಲ್ಲಿ ನಾಲ್ಕು ಹೆಜ್ಜೆ ತಿರುಗಾಡಿದರೆ ಅದು ಇಳಿಯುವದು. ಹೊತ್ತು ಮೀರಿ ಹಸಿದವನಿಗೆ ಸಿಹಿಯ ಆಸೆಯು ಇಮ್ಮಡಿಯಾಗುವದರಿಂದ ಊಟದ ಹೊತ್ತನ್ನು ತಪ್ಪಿಸಬಾರದು. ನಡುವೆ ಹಸಿವೆಯಾದರೆ ಹುರಿದ ಶೇಂಗಾ, ನೆನೆಸಿದ ಕಡಲೆ, ಒಂದು ತಂಬಿಗೆ ಮಜ್ಜಿಗೆ ಇವು ಒಳ್ಳೆಯವು. ಸಕ್ಕರೆಯ ಡಬ್ಬಿಯನ್ನು ಕಣ್ಣೆದುರಿನ ಮಾಡದಿಂದ ತೆಗೆದು ಮೇಲಿನ ನಾಗೊಂದಿಗೆಗೆ ಏರಿಸುವದೂ ಒಂದು ಉಪಾಯವೇ. ಏಣಿ ತರುವ ಶ್ರಮಕ್ಕೆ ಎಷ್ಟೋ ಆಸೆಗಳು ಸೋಲುವವು.

ಎಲ್ಲಕ್ಕಿಂತ ಕಠಿಣವಾದದ್ದು ಬೀಗರ ಮನೆಯ ಉಪಚಾರ. ನಮ್ಮಲ್ಲಿ ಸಿಹಿಯೆಂದರೆ ಬರಿಯ ರುಚಿಯಲ್ಲ, ಪ್ರೀತಿಯ ಭಾಷೆ. ‘ಬ್ಯಾಡ್ರಿ’ ಎಂದರೆ ಬಡಿಸುವ ಕೈಗೆ ನೋವಾಗುವದು. ಆದುದರಿಂದ ಕಾರಣವನ್ನು ಮೊದಲೇ ತಿಳಿಸುವದು, ಇಲ್ಲವೆ ಹೋಳಿಗೆಯ ಒಂದು ತುಣುಕನ್ನು ಪ್ರಸಾದದಂತೆ ಸ್ವೀಕರಿಸಿ ಕೈ ಮುಗಿಯುವದು. ಬಡಿಸುವವರೂ ಒಂದನ್ನು ಅರಿಯಬೇಕು: ಒತ್ತಾಯವು ಪ್ರೀತಿಯ ಗುರುತಾಗಿದ್ದ ಕಾಲವು ಹೋಯಿತು. ಬಂದವರ ಮೈಯ ಸುಖವನ್ನು ಕೇಳಿ ಬಡಿಸುವದೇ ಈಗಿನ ಆದರ.

ಆದರೆ ಒಂದು ಎಚ್ಚರಿಕೆಯನ್ನು ಮರೆಯಬಾರದು. ಇನ್ಸುಲಿನ್ನಿನ ಚುಚ್ಚುಮದ್ದನ್ನಾಗಲಿ ರಕ್ತದ ಸಕ್ಕರೆಯನ್ನು ಇಳಿಸುವ ಗುಳಿಗೆಯನ್ನಾಗಲಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಲೆ ಬದಲಿಸಕೂಡದು. ಅಂಥವರಿಗೆ ಮೈ ಬೆವತು, ಕೈ ನಡುಗಿ, ಕಣ್ಣು ಕತ್ತಲೆಗೂಡಿದರೆ ರಕ್ತದ ಸಕ್ಕರೆಯು ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಒಡನೆಯೇ ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕಾದು ನೋಡಬೇಕು; ಇಳಿಯದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೀಗೆ ಮಿತಿ ಮೀರಿದರೆ ಮುಳುವಾಗುವ ಸಕ್ಕರೆಯೇ ಸಮಯಕ್ಕೆ ಪ್ರಾಣವನ್ನು ಕಾಯುವದು. ದೋಷವು ಪದಾರ್ಥದ್ದಲ್ಲ, ಪ್ರಮಾಣದ್ದು.

ಸಾವಳಗಿಯ ಸೀಮೆಯ ಒಕ್ಕಲಿಗನು ಕಬ್ಬನ್ನು ಬೆಳೆಯದಿರಲೆಂದು ಯಾರೂ ಹೇಳರು. ಅದು ಅವನ ಅನ್ನ. ಆದರೆ ಹರಿದು ಹೋಗುವ ಹೊಳೆಗೆ ಒಡ್ಡು ಹಾಕಿ, ಬೇಕಾದಾಗ ಬೇಕಾದಷ್ಟೇ ನೀರನ್ನು ಬಿಡುವ ಜಾಣತನವನ್ನು ಲೋಕಕ್ಕೆ ತೋರಿದ ಜನವಿದು. ಅದೇ ಜಾಣತನವನ್ನು ಅಡಿಗೆಯ ಮನೆಯ ಡಬ್ಬಿಗೂ ತೋರುವದು ಅಸಾಧ್ಯವೇ? ದಿನದ ಸಿಹಿಗೆ ಒಡ್ಡು ಹಾಕಿದ ಮನೆಯಲ್ಲಿ ಪಂಚಮಿಯ ಉಂಡಿಯು ಮತ್ತೆ ಹಬ್ಬದ ಉಂಡಿಯಾಗುವದು. ಒಂದನ್ನೇ ತಿಂದರೂ ವರ್ಷದ ವರೆಗೆ ನೆನಪಿನಲ್ಲಿ ಉಳಿಯುವದು.