ಧೂಪದ ದೃಷ್ಟಾಂತ

ಅಷ್ಟವಿಧಾರ್ಚನೆಯ ದ್ರವ್ಯಗಳನ್ನು ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂದು ಎಣಿಸುವ ಕ್ರಮದಲ್ಲಿ ಧೂಪಕ್ಕೆ ಏಳನೆಯ ಸ್ಥಾನ. ಉಳಿದವುಗಳಲ್ಲಿ ಹೆಚ್ಚಿನವು ಇಟ್ಟಲ್ಲಿಯೇ ಇರುತ್ತವೆ. ದೀಪದ ಬೆಳಕು ಹರಡುವುದಾದರೂ ಕಂಬದ ಮರೆಯಲ್ಲಿ ಕುಳಿತವರ ಪಾಲಿಗೆ ನೆರಳೇ ಉಳಿಯುತ್ತದೆ. ಧೂಪವಾದರೋ ಕಂಬವನ್ನು ಬಳಸಿಕೊಂಡು ಬರುತ್ತದೆ. ಗರ್ಭಗೃಹದ ಕೆಂಡದ ಮೇಲೆ ಬಿದ್ದ ಒಂದು ಚಿಟಿಕೆ ಪುಡಿ ನವರಂಗವನ್ನು ದಾಟಿ, ಹೊರಗೆ ಕಾಲು ತೊಳೆಯುತ್ತಿರುವವನನ್ನೂ ಮುಟ್ಟುತ್ತದೆ. ಈ ‘ಮುಟ್ಟುವುದು’ ಎಂಬ ಕ್ರಿಯಾಪದವನ್ನು ಸಾಹಿತ್ಯದ ಮಂದಿಯಾದ ನಾವು ಲಕ್ಷ್ಯಾರ್ಥದಲ್ಲಿ ಓದಿಬಿಡುತ್ತೇವೆ. ಜೈನ ಶಾಸ್ತ್ರಕಾರರಿಗೆ ಅದು ವಾಚ್ಯಾರ್ಥ.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಪುದ್ಗಲದ ಲಕ್ಷಣವನ್ನು ಹೇಳುವಾಗ ಸ್ಪರ್ಶ, ರಸ, ವರ್ಣಗಳ ಜೊತೆಗೆ ಗಂಧವನ್ನೂ ಸೇರಿಸುತ್ತದೆ. ವರ್ಣಕ್ಕೆ ಐದು ಭೇದ, ರಸಕ್ಕೆ ಐದು, ಸ್ಪರ್ಶಕ್ಕೆ ಎಂಟು. ಗಂಧಕ್ಕೆ ಎರಡೇ: ಸುಗಂಧ ಮತ್ತು ದುರ್ಗಂಧ. (ಸುಗಂಧದ್ರವ್ಯದ ವ್ಯಾಪಾರಿಗಳು ಈ ವಿಭಾಗವನ್ನು ಒಪ್ಪಲಾರರು.) ನ್ಯಾಯ-ವೈಶೇಷಿಕರು ಗಂಧವನ್ನು ಪೃಥ್ವಿಗೆ ಮಾತ್ರ ಮೀಸಲಾಗಿಟ್ಟರು, ಜೈನರು ನೀರು, ಬೆಂಕಿ, ಗಾಳಿಗಳಿಗೂ ಅದನ್ನು ಕೊಟ್ಟರು. ಆದರೆ ಗುಣವು ದ್ರವ್ಯವನ್ನು ಬಿಟ್ಟು ಒಂಟಿಯಾಗಿ ಸಂಚರಿಸಲಾರದು ಎಂಬಲ್ಲಿ ಇಬ್ಬರಿಗೂ ಜಗಳವಿಲ್ಲ. ನಮ್ಮ ಮೂಗಿನವರೆಗೆ ಬಂದದ್ದು ವಸ್ತುವೇ. ಊದುಬತ್ತಿ ಸವೆದು ಗಿಡ್ಡವಾಗುವುದರಲ್ಲಿ ಆ ಲೆಕ್ಕವಿದೆ.

ಅಕಲಂಕನು ಈ ಅನುಭವವನ್ನು ಬಳಸಿಕೊಂಡ ಬಗೆ ಇನ್ನೂ ಸೊಗಸಾದದ್ದು. 8ನೆಯ ಶತಮಾನದವನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಈ ತಾರ್ಕಿಕನ ಮುಂದೆ ರಾಜವಾರ್ತಿಕದಲ್ಲಿ ಒಂದು ತೊಡಕಿನ ಪ್ರಶ್ನೆಯಿದೆ. ಲೋಕಾಕಾಶದ ಪ್ರದೇಶಗಳು ಅಸಂಖ್ಯಾತ, ಆದರೆ ಅನಂತವಲ್ಲ, ಪುದ್ಗಲಗಳು ಅನಂತ. ಕಿರಿದರಲ್ಲಿ ಹಿರಿದು ಅಡಗುವುದು ಹೇಗೆ? ಉತ್ತರಕ್ಕಾಗಿ ಆತ ಸಂಪಗೆಯ ಮೊಗ್ಗನ್ನು ತೋರಿಸುತ್ತಾನೆ. ಮೊಗ್ಗಿನಲ್ಲಿ ಒತ್ತಾಗಿ ಸೇರಿಕೊಂಡಿದ್ದ ಗಂಧದ ಅವಯವಗಳೇ ಅರಳಿದ ಮೇಲೆ ದಿಕ್ಕುದಿಕ್ಕಿಗೆ ವ್ಯಾಪಿಸುತ್ತವೆ. ಬಳಿಕ ಸೆಗಣಿಯ ಬೆರಣಿಯನ್ನೂ ಕಟ್ಟಿಗೆಯ ತುಂಡನ್ನೂ ತರುತ್ತಾನೆ: ಅಷ್ಟು ಚಿಕ್ಕದರಲ್ಲಿ ಅಡಗಿದ್ದುದು ಹೊಗೆಯಾಗಿ ದಿಙ್ಮಂಡಲವನ್ನೆಲ್ಲ ತುಂಬುವುದನ್ನು ಯಾರು ಕಂಡಿಲ್ಲ? ವಿಶ್ವದ ಧಾರಣಶಕ್ತಿಯನ್ನು ಕುರಿತ ವಾದವನ್ನು ಹಿತ್ತಿಲ ಬೆರಣಿಯೊಂದು ಹೊತ್ತು ನಿಂತಿದೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಎಚ್ಚರವಹಿಸಬೇಕು. ‘ದೃಷ್ಟಾಂತ’ವೆಂದೊಡನೆ ಅಲಂಕಾರಶಾಸ್ತ್ರದ ಬಿಂಬ-ಪ್ರತಿಬಿಂಬಭಾವವನ್ನು ಬರೆದು ಮುಗಿಸುವುದು ನಮ್ಮ ತರಗತಿಗಳ ರೂಢಿ. ತರ್ಕದಲ್ಲಿ ಅದೇ ಶಬ್ದವು ಅನುಮಾನದ ಅಂಗ. ಅಲಂಕಾರವನ್ನು ತೆಗೆದರೆ ಮಾತು ಬಡವಾಗುತ್ತದೆ, ಅಷ್ಟೆ. ತರ್ಕದ ದೃಷ್ಟಾಂತವನ್ನು ತೆಗೆದರೆ ವಾದವೇ ಕುಸಿಯುತ್ತದೆ. ಜಿನಪೂಜೆಯ ವರ್ಣನೆಯಲ್ಲಿ ಧೂಪದ ಹೊಗೆ ಮುಗಿಲಾಗಿ ಕಂಡರೆ ಉತ್ಪ್ರೇಕ್ಷೆಯೆಂದು ಗುರುತು ಹಾಕಿ ಮುಂದಿನ ಪದ್ಯಕ್ಕೆ ಹೋಗುವ ಸಂಪ್ರಬಂಧಗಳನ್ನು ನಾನು ಸಾಕಷ್ಟು ಓದಿದ್ದೇನೆ. ಗುರುತು ತಪ್ಪಲ್ಲ, ಸಾಲದು. ಆ ಕವಿಯ ಕಿವಿಯಲ್ಲಿ ಶಾಸ್ತ್ರದ ಪಾಠವೂ ಇತ್ತು.

ಗಂಧವು ಹರಡುವುದು ಒಂದು, ಅರಿವಿಗೆ ಬರುವುದು ಇನ್ನೊಂದು. ಕಣ್ಣು ಮತ್ತು ಮನಸ್ಸನ್ನು ಬಿಟ್ಟು ಉಳಿದ ಇಂದ್ರಿಯಗಳು ವಿಷಯವನ್ನು ಮುಟ್ಟಿಯೇ ಅರಿಯುತ್ತವೆ. ಆ ಮೊದಲ ಅಸ್ಪಷ್ಟ ಸೋಂಕಿಗೆ ವ್ಯಂಜನಾವಗ್ರಹವೆಂದು ಹೆಸರು. ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವುದು ಹೊಸ ಮಣ್ಣಿನ ಶರಾವೆಯ ನಿದರ್ಶನ. ಎರಡು ಮೂರು ಹನಿ ಬಿದ್ದರೆ ಅದು ಒದ್ದೆಯಾಗದು. ಮತ್ತೆ ಮತ್ತೆ ಹನಿಸಿದಾಗ ಮೆಲ್ಲನೆ ತೇವ ಕಾಣುತ್ತದೆ. ಮೊದಲ ಹನಿಗಳು ವ್ಯರ್ಥವಾದವೆಂದು ಹೇಳಲಾದೀತೆ? ನನ್ನ ತಾಯಿಯವರಿಗೆ ಕೊನೆಯ ವರ್ಷಗಳಲ್ಲಿ ಘ್ರಾಣಶಕ್ತಿ ಪೂರ್ತಿ ಹೋಗಿತ್ತು. ಆದರೂ ಭಾದ್ರಪದ ಶುಕ್ಲದ ಸುಗಂಧದಶಮಿಯಂದು ಅವರೇ ಧೂಪ ಹಾಕಿ, “ಹೊರಗಿನ ಕೋಣೆಗೆ ಬಂತೇನೋ, ಮಗಾ?” ಎಂದು ಕೇಳುತ್ತಿದ್ದರು. “ಬಂತಮ್ಮ” ಎಂದ ಮೇಲೆಯೇ ಕೈ ಮುಗಿಯುತ್ತಿದ್ದರು. ಅವರ ಪಾಲಿಗೆ ಶರಾವೆ ಒದ್ದೆಯಾಗಲೇ ಇಲ್ಲ. ಹನಿಗಳು ಮಾತ್ರ ಬೀಳುತ್ತಲೇ ಇದ್ದವು.

ಭೌತವಿಜ್ಞಾನಿಗಳನ್ನು ಕೇಳಿದರೆ, ಗಾಳಿ ನಿಶ್ಚಲವಾಗಿದ್ದು ಅಣುಗಳ ವಿಸರಣೆಯೊಂದರಿಂದಲೇ ಗಂಧವು 3 ಮೀಟರ್ ದಾಟಬೇಕಾದರೆ ದಿನಗಳೇ ಹಿಡಿಯುತ್ತವೆ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಕೋಣೆ ತುಂಬುವುದು ಗಾಳಿಯ ಓಡಾಟದಿಂದ: ಕೆಂಡದ ಶಾಖಕ್ಕೆ ಮೇಲೇಳುವ ಬಿಸಿಗಾಳಿ, ಬಾಗಿಲ ಸಂದಿಯ ಎಳೆತ, ನಮ್ಮದೇ ನಡಿಗೆ. ಇದನ್ನೆಲ್ಲ ಆಚಾರ್ಯರು ಮೊದಲೇ ಕಂಡಿದ್ದರೆಂದು ಸಾರುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ, ನನಗಿಲ್ಲ. ಅವರ ಪ್ರಶ್ನೆ ಬೇರೆಯಾಗಿತ್ತು.

ಆ ಪ್ರಶ್ನೆಯೂ ಪೂಜೆಯಲ್ಲಿಯೇ ಇದೆ. ಅಷ್ಟಕರ್ಮಗಳ ದಹನಕ್ಕಾಗಿ ಧೂಪವನ್ನು ಅರ್ಪಿಸುತ್ತೇವೆ. ಜೈನಮತದಲ್ಲಿ ಕರ್ಮವೂ ಪುದ್ಗಲವೇ, ಆತ್ಮಕ್ಕೆ ಅಂಟಿದ ಸೂಕ್ಷ್ಮದ್ರವ್ಯ. ನಿರ್ಜರೆಯೆಂದರೆ ಆ ದ್ರವ್ಯದ ನಾಶವಲ್ಲ, ಅದು ಆತ್ಮದಿಂದ ಕಳಚಿಕೊಳ್ಳುವುದು. ಪುದ್ಗಲವು ಲೋಕದಲ್ಲಿ ಇದ್ದೇ ಇರುತ್ತದೆ. ಕೆಂಡಕ್ಕೆ ಬಿದ್ದ ಧೂಪವೂ ಹಾಗೆಯೇ ಅಲ್ಲಿಂದ ಬಿಟ್ಟುಹೋಗುತ್ತದೆ, ಇಲ್ಲವಾಗುವುದಿಲ್ಲ. ಹಳೆಯ ಬಸದಿಯ ಗರ್ಭಗೃಹದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ, ಕಪ್ಪು ಜಿಡ್ಡು ಬಟ್ಟೆಗೆ ಹತ್ತುತ್ತದೆ.