ಅಪ್ಪನ ಮುಳ್ಳಿನ ಡಬ್ಬಿ

"ಯಾವ ದಾರೀಲಿ ಬಂದ್ರಿ?"

ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದವರನ್ನು ಅಪ್ಪ ಮೊದಲು ಕೇಳುತ್ತಿದ್ದುದು ಇದನ್ನೇ. ಹೆಸರು, ಊರು, ಮಳೆ ಬೆಳೆಯ ಮಾತೆಲ್ಲ ಆಮೇಲೆ. ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ನಮ್ಮದು ಹತ್ತಡಿ ಅಗಲದ ಸೈಕಲ್ ಶಾಪು. ಮುಂದೆ ಒಂದು ಹೊಂಗೆ ಮರ, ಅದರ ಕೊಂಬೆಗೆ ನೇತುಹಾಕಿದ ಹಳೆಯ ಟೈರು. ಆ ಟೈರೇ ನಮ್ಮ ಬೋರ್ಡು. 1980ರ ದಶಕದಲ್ಲಿ ನಾನು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ ಬರುತ್ತಿದ್ದೆ. ಬಾಡಿಗೆ ಸೈಕಲ್‌ಗಳ ಲೆಕ್ಕ ಬರೆಯುವುದು, ಬಾಂಡ್ಲಿಗೆ ನೀರು ತುಂಬಿಸುವುದು, ಗಾಳಿ ಹೊಡೆಯುವುದು ನನ್ನ ಕೆಲಸ.

ಗಿರಾಕಿ ದಾರಿ ಹೇಳಿದರೆ ಸಾಕು, ಟೈರಿನಲ್ಲಿ ಏನು ಸಿಗುತ್ತದೆ ಎಂದು ಅಪ್ಪನಿಗೆ ಅರ್ಧ ತಿಳಿದುಬಿಡುತ್ತಿತ್ತು. ವೇದಾವತಿ ನದಿಯ ದಂಡೆಯಿಂದ ಬಂದವರಾದರೆ ಬಳ್ಳಾರಿ ಜಾಲಿ. ಶೇಂಗಾ ಹೊಲಗಳ ಬದುವಿನಿಂದ ಬಂದವರಾದರೆ ನೆಗ್ಗಿಲು. ಹೆದ್ದಾರಿಯಿಂದ ಬಂದವರಾದರೆ ಲಾರಿ ಟೈರು ಸಿಡಿದು ಉದುರಿದ ತಂತಿಯ ಚೂರು. ಟೈರ್ ಲಿವರ್ ಹಾಕಿ ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು ನನಗೂ ಬರುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು ಪ್ಯಾಚ್ ಕೂರಿಸುವುದನ್ನೂ ಕಲಿತಿದ್ದೆ. ಅಷ್ಟರಿಂದ ಕೆಲಸ ಮುಗಿಯಿತೆಂದು ಅಪ್ಪ ಒಪ್ಪುತ್ತಿರಲಿಲ್ಲ. ಟೈರಿನ ಒಳಮೈ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸುತ್ತಿದ್ದ. ಬೆರಳಿಗೆ ಚುಚ್ಚಿದಲ್ಲಿ ನಿಲ್ಲಿಸಿ ಇಕ್ಕಳದಿಂದ ಮುಳ್ಳು ಕೀಳುತ್ತಿದ್ದ.

"ಮುಳ್ಳು ತೆಗೀದೆ ಪ್ಯಾಚ್ ಹಾಕೋದು ಮೋಸ ಕಣೋ," ಅನ್ನುತ್ತಿದ್ದ.

ಕಿತ್ತ ಮುಳ್ಳನ್ನು ಬೀದಿಗೆ ಎಸೆಯುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕುತ್ತಿದ್ದ. ಎಸೆದರೆ ಇನ್ನೊಬ್ಬರ ಚಕ್ರಕ್ಕೋ ಕಾಲಿಗೋ ಹೋಗುತ್ತದೆ ಎನ್ನುವುದು ಅವನ ನ್ಯಾಯ. ಡಬ್ಬಿ ತುಂಬಿದಾಗ ಒಲೆಗೆ ಸುರಿಯುತ್ತಿದ್ದೆವು.

ಆ ಡಬ್ಬಿಯಲ್ಲಿ ನಮ್ಮ ಸೀಮೆಯ ಪಂಚಾಂಗವೇ ಇತ್ತು. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ನೆಗ್ಗಿಲ ಕಾಯಿ ಒಣಗಿ ಬಿರಿಯುತ್ತದೆ. ಅದರ ಚೂರು ನೆಲದ ಮೇಲೆ ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಬೇಸಿಗೆಯಲ್ಲಿ ಹೊಲಕ್ಕೆ ಬೇಲಿ ಹಾಕಲು, ಒಲೆಗೆ ಸೌದೆ ಮಾಡಲು ಬಳ್ಳಾರಿ ಜಾಲಿ ಕಡಿಯುತ್ತಾರೆ. ಕಡಿದ ಕೊಂಬೆಗಳನ್ನು ದಾರಿಯುದ್ದ ಎಳೆದುಕೊಂಡು ಹೋಗುತ್ತಾರೆ. ಹಿಂದೆಯೇ ಸೈಕಲ್ ತುಳಿದು ಬಂದವನು ನಮ್ಮ ಅಂಗಡಿಗೆ ನಡೆದೇ ಬರಬೇಕು. ನೆಗ್ಗಿಲು ಗಿಡ್ಡ ಮುಳ್ಳು, ಟ್ಯೂಬಿಗೆ ಸೂಜಿಮೊನೆಯಷ್ಟು ತೂತು ಮಾಡುತ್ತದೆ. ಜಾಲಿಯದು ಉದ್ದ ಮುಳ್ಳು. ಟೈರು ದಾಟಿ, ಟ್ಯೂಬಿನ ಒಂದು ಮೈ ದಾಟಿ, ಕೆಲವೊಮ್ಮೆ ಇನ್ನೊಂದು ಮೈಗೂ ಇಳಿದಿರುತ್ತದೆ. ಮುಳ್ಳೆಂದರೆ ಎಲ್ಲ ಒಂದೇ ಅಲ್ಲ ಎನ್ನುವ ಮೊದಲ ಪಾಠ ನನಗೆ ಆದದ್ದು ಹೀಗೆ.

1990ರ ದಶಕದಲ್ಲಿ ಊರಿಗೆ ಮೊಪೆಡ್‌ಗಳು ತುಂಬಿಕೊಂಡವು. ಬಾಡಿಗೆ ಸೈಕಲ್‌ಗಳನ್ನು ಅಪ್ಪ ಒಂದೊಂದಾಗಿ ಮಾರಿದ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು, ಮರುವರ್ಷ ಗಂಡುಮಕ್ಕಳಿಗೂ ಬಂತು. ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳ ಸಾಲು ಕೆಲವು ವರ್ಷ ಅಪ್ಪನ ಅಂಗಡಿಗೆ ಉಸಿರು ತುಂಬಿತು. ಅವರ ಪಂಕ್ಚರಿಗೆ ಅಪ್ಪ ಅರ್ಧ ದುಡ್ಡು ಮಾತ್ರ ತೆಗೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ನಾನು ಬೆಂಗಳೂರು ಸೇರಿದ್ದೆ. ಗೇರಿನ ಸೈಕಲ್ ಮಾರುವ ದೊಡ್ಡ ಅಂಗಡಿಯಲ್ಲಿ ಮೆಕ್ಯಾನಿಕ್ ಕೆಲಸ. ಅಲ್ಲಿ ಮೊದಮೊದಲು ಕಂಡದ್ದು ಕಿರುಬೆರಳಿನಷ್ಟು ಸಣ್ಣ ಟೈರಿನ ರೋಡ್ ಬೈಕು, ದಪ್ಪ ಗುಬಟಿನ ಟೈರಿನ ಮೌಂಟನ್ ಬೈಕು. ಭಾನುವಾರದ ಸವಾರರು ನಂದಿಬೆಟ್ಟಕ್ಕೋ ತುರಹಳ್ಳಿ ಕಾಡಿಗೋ ಹೋಗಿ ಬರುತ್ತಿದ್ದರು. ಸುಮಾರು 2018ರ ಹೊತ್ತಿಗೆ ಮೂರನೆಯ ಬಗೆ ಬಂತು. ಬಾಗಿದ ಹ್ಯಾಂಡಲ್ ರೋಡ್ ಬೈಕಿನದು, ಟೈರು ಮಾತ್ರ 40 ಮಿಲಿಮೀಟರ್ ಅಗಲ. ಗ್ರಾವೆಲ್ ಬೈಕ್ ಎಂದರು. ನನಗೆ ಅದನ್ನು ನೋಡಿ ಅಪ್ಪನ ಕಾಲದ 28 ಇಂಚಿನ ಸೈಕಲ್ ನೆನಪಾಯಿತು. ಅದರ ಟೈರಿನ ಅಗಲವೂ ಒಂದೂವರೆ ಇಂಚು, ಹೆಚ್ಚುಕಡಿಮೆ ಇಷ್ಟೇ. ಅದೂ ಹುಟ್ಟಿದ್ದು ಡಾಂಬರಿಲ್ಲದ ದಾರಿಗಾಗಿಯೇ. ಗರಸು ರಸ್ತೆ, ಬಂಡಿಜಾಡು, ಕಾಲುವೆ ದಂಡೆ ಎಲ್ಲ ಅದಕ್ಕೆ ಒಗ್ಗಿದ್ದವು.

ಹೊಸದು ಎಂದರೆ ಟ್ಯೂಬ್ ಇಲ್ಲದಿರುವುದು. 1999ರಲ್ಲಿ ಫ್ರಾನ್ಸಿನ ಮಾವಿಕ್, ಮಿಶೆಲಿನ್, ಹಚಿನ್ಸನ್ ಕಂಪನಿಗಳು ಮೌಂಟನ್ ಬೈಕಿಗಾಗಿ ತಂದ ಪದ್ಧತಿ ಇದು, ಗ್ರಾವೆಲ್ ಬೈಕಿಗೆ ಬರುವ ಹೊತ್ತಿಗೆ ಸಾಕಷ್ಟು ಪಳಗಿತ್ತು. ರಿಮ್ಮಿನ ಒಳಗೆ ಗಾಳಿ ಹೋಗದ ಟೇಪು ಸುತ್ತಿ, ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಕಂಪ್ರೆಸರ್ ಗಾಳಿ ಒಮ್ಮೆಲೇ ಬಿಟ್ಟರೆ ಅಂಚು ಟಪ್ ಟಪ್ ಎಂದು ರಿಮ್ಮಿಗೆ ಕಚ್ಚಿಕೊಳ್ಳುತ್ತದೆ. ಒಳಗೆ ಸೀಲೆಂಟ್ ಎನ್ನುವ ಬಿಳಿ ದ್ರವ. ಮೊದಲ ಬಾಟಲಿ ತೆರೆದ ದಿನ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸುಳ್ಯದ ಹುಡುಗ ಮೂಸಿ ನೋಡಿದವನೇ, "ಅಣ್ಣಾ, ಇದು ನಮ್ಮ ತೋಟದ ವಾಸನೆ" ಅಂದ. ರಬ್ಬರ್ ಹಾಲು ಗಟ್ಟಿಯಾಗದಂತೆ ಬೆರೆಸುವ ಅಮೋನಿಯದ ಘಾಟು ಅದು.

ಆ ಹುಡುಗನೇ ನನಗೆ ವಿವರಿಸಿದ. ನಸುಕಿನಲ್ಲಿ ರಬ್ಬರ್ ಮರದ ತೊಗಟೆ ಕೊಯ್ದರೆ ಹಾಲು ಚಿಪ್ಪಿಗೆ ಇಳಿಯುತ್ತದೆ, ಕೆಲವು ಗಂಟೆ ಕಳೆದರೆ ಕೊಯ್ದ ಜಾಗದಲ್ಲಿ ಹಾಲೇ ಹೆಪ್ಪುಗಟ್ಟಿ ಸೋರುವುದು ತಾನಾಗಿ ನಿಲ್ಲುತ್ತದೆ. ಮರ ತನ್ನ ಗಾಯ ಮುಚ್ಚಿಕೊಳ್ಳುವ ರೀತಿ ಅದು. ಟೈರಿನೊಳಗೂ ನಡೆಯುವುದು ಇದೇ. ತೂತಿನಿಂದ ಗಾಳಿ ನುಗ್ಗುವಾಗ ಹಾಲೂ ಅಲ್ಲಿಗೆ ಓಡಿ, ತನ್ನಲ್ಲಿರುವ ಸಣ್ಣ ನಾರಿನ ಜೊತೆ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಸವಾರನಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗುವುದಿಲ್ಲ. ನೀರಿನ ಬಾಂಡ್ಲಿಯ ಮುಂದೆ ಬೆಳೆದ ನನಗೆ ಅದನ್ನು ನೋಡಿದಾಗ ಮೈ ಜುಮ್ಮೆಂದಿತ್ತು.

ಇನ್ನು ಪಂಕ್ಚರೇ ಇಲ್ಲ ಎಂದು ನಾನೂ ನಂಬಿದೆ. ತಪ್ಪಿದ್ದು ಅಲ್ಲಿ.

ಒಬ್ಬ ಗಿರಾಕಿ ಚಿತ್ರದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳಿಗೆ ಹೋಗುವ ಮಣ್ಣಿನ ರಸ್ತೆಗಳಲ್ಲಿ ಓಡಿಸಬೇಕು, ಒಳ್ಳೆಯ ಟೈರು ಹಾಕಿಕೊಡಿ ಎಂದು ಕೇಳಿದ. ಹಗುರ, ವೇಗ, ಪಂಕ್ಚರ್ ತಡೆಯುವ ಪಟ್ಟಿ ಎಂದೆಲ್ಲ ಪೆಟ್ಟಿಗೆಯ ಮೇಲೆ ಬರೆದಿದ್ದ ದುಬಾರಿ ಟೈರನ್ನು ಹಾಕಿಕೊಟ್ಟೆ. ಜೋಗಿಮಟ್ಟಿಯ ಗುಡ್ಡಸಾಲು ನಾನು ಹುಡುಗನಾಗಿದ್ದಾಗಿನಿಂದ ನೋಡಿದ್ದು. ಆದರೂ ಯಾವ ದಾರಿ ಎಂದು ಬಿಡಿಸಿ ಕೇಳಲಿಲ್ಲ. ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ನೆಲ ಅದು. ಅಲ್ಲಿಯ ಕಲ್ಲು ಪದರು ಪದರಾಗಿ ಸೀಳುತ್ತದೆ, ನಡುನಡುವೆ ಬೆಣಚುಕಲ್ಲಿನ ಚೂಪು ಅಂಚುಗಳು. ಒಂದು ಇಳಿಜಾರಿನಲ್ಲಿ ಅವನ ಹಿಂದಿನ ಟೈರಿನ ಪಕ್ಕೆ ಹೆಬ್ಬೆರಳಿನ ಅಗಲಕ್ಕೆ ಸೀಳಿತು. ಹಾಲೆಲ್ಲ ಚಿಮ್ಮಿಹೋಯಿತು. ಹತ್ತಿರದಲ್ಲಿ ನೀರೂ ಇರಲಿಲ್ಲ, ನೆರಳೂ ಇರಲಿಲ್ಲ. ಅವನು ಬಿಸಿಲಿನಲ್ಲಿ ಹನ್ನೊಂದು ಕಿಲೋಮೀಟರ್ ಸೈಕಲ್ ತಳ್ಳಿದ. ಟೈರು ಚೆನ್ನಾಗಿಯೇ ಇತ್ತು, ಬೇರೆ ದಾರಿಯದ್ದಾಗಿತ್ತು ಅಷ್ಟೆ. ಅದರ ರಕ್ಷಣೆಯ ಪಟ್ಟಿ ಇದ್ದದ್ದು ನೆಲಕ್ಕೆ ತಾಗುವ ಭಾಗದ ಅಡಿಯಲ್ಲಿ. ಕಲ್ಲು ಕೊಯ್ದದ್ದು ಪಕ್ಕೆಯನ್ನು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ದಾರಿ ಕೇಳಲಿಲ್ವೇನೋ?" ಎಂದಷ್ಟೇ ಅಂದ.

ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಟೈರು ಕೊಳ್ಳಲು ಬಂದವರನ್ನು ನೀವು ಓಡಿಸುವ ನೆಲದಲ್ಲಿ ಮುಳ್ಳು ಹೆಚ್ಚೋ ಕಲ್ಲು ಹೆಚ್ಚೋ ಎಂದು ಕೇಳುತ್ತೇನೆ. ನೆಗ್ಗಿಲಿನ ಬಯಲಾದರೆ ಮಧ್ಯಮ ತೂಕದ ಟೈರು ಸಾಕು, ಸೀಲೆಂಟ್ ಧಾರಾಳವಾಗಿರಬೇಕು. ಅಮೆರಿಕದ ಪಶ್ಚಿಮ ರಾಜ್ಯಗಳ ಸವಾರರು ಮೇಕೆತಲೆ ಎಂದು ಹೆಸರಿಟ್ಟು ಶಪಿಸುವ ಮುಳ್ಳು ನಮ್ಮ ನೆಗ್ಗಿಲೇ, ಅಲ್ಲಿಯೂ ಅವರನ್ನು ಕಾಯುವುದು ಈ ಹಾಲೇ. ಜಾಲಿಯ ಸೀಮೆಯಾದರೆ ನಡುಭಾಗದ ರಬ್ಬರ್ ದಪ್ಪಗಿರಬೇಕು, ಅಡಿಯಲ್ಲಿ ಗಟ್ಟಿ ಪಟ್ಟಿ ಇರಬೇಕು. ಸವೆದ ಟೈರನ್ನು ಇನ್ನೊಂದು ತಿಂಗಳು ಓಡಿಸೋಣ ಎನ್ನುವುದು ಅಲ್ಲಿ ಸಲ್ಲ. ಚೂಪು ಕಲ್ಲಿನ ಗುಡ್ಡವಾದರೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ರಕ್ಷಣೆಯ ಬಟ್ಟೆ ಹಾಸಿದ ಟೈರೇ ಬೇಕು. ಮ್ಯಾಕ್ಸಿಸ್ ರ‍್ಯಾಂಬ್ಲರ್‌ನಂಥ ಒಂದೇ ಟೈರು ಎರಡು ಬಗೆಯಲ್ಲಿ ಬರುತ್ತದೆ. ಎಕ್ಸೋ ಎಂದಿದ್ದರೆ ಪಕ್ಕೆಗಳಿಗೆ ರಕ್ಷೆ, ಸಿಲ್ಕ್‌ಶೀಲ್ಡ್ ಎಂದಿದ್ದರೆ ಅಂಚಿನಿಂದ ಅಂಚಿಗೆ. ಹೆಸರು ನೋಡಿ ಕೊಂಡರೆ ಸಾಲದು, ಈ ಸಣ್ಣ ಅಕ್ಷರಗಳನ್ನೂ ಓದಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಿಂದ ನಡೆಯುತ್ತಿರುವ, ಈಗ ಅನ್‌ಬೌಂಡ್ ಎಂದು ಕರೆಯುವ 200 ಮೈಲಿಯ ಗ್ರಾವೆಲ್ ಸ್ಪರ್ಧೆಯಲ್ಲೂ ಸವಾರರ ದೊಡ್ಡ ಚಿಂತೆ ಇದೇ ಪಕ್ಕೆ. ಅಲ್ಲಿಯ ಗುಡ್ಡಗಳಿಗೆ ಹೆಸರು ಬಂದಿರುವುದೇ ಚಕಮಕಿ ಕಲ್ಲಿನಿಂದ.

ಟೈರಿನ ನೇಯ್ಗೆಯನ್ನೂ ನೋಡುತ್ತೇನೆ. ಒಂದು ಇಂಚಿನಲ್ಲಿ 120 ಎಳೆ ಇದ್ದರೆ ಎಳೆ ಸಣ್ಣ, ಟೈರು ಮೆದು, ಕಲ್ಲಿನ ಮೇಲೆ ಹಾಯಾಗಿ ಉರುಳುತ್ತದೆ. 60 ಎಳೆ ಇದ್ದರೆ ಎಳೆ ದಪ್ಪ, ಟೈರು ಬಿರುಸು, ಸಾಮಾನ್ಯವಾಗಿ ಪೆಟ್ಟು ತಡೆಯುವುದು ಹೆಚ್ಚು. ಮೂರು ಪದರ ಕೂಡಿಸಿ ದೊಡ್ಡ ಸಂಖ್ಯೆ ಬರೆಯುವವರೂ ಇದ್ದಾರೆ, ಆದ್ದರಿಂದ ಟೈರನ್ನು ಬೆರಳಲ್ಲಿ ಹಿಸುಕಿಯೇ ತೀರ್ಮಾನಿಸುತ್ತೇನೆ. ಗಟ್ಟಿ ಟೈರಿಗೆ ನೂರೋ ನೂರೈವತ್ತೋ ಗ್ರಾಂ ತೂಕ ಹೆಚ್ಚು ತೆರಬೇಕು, ಏರಿನಲ್ಲಿ ಅದು ಕಾಲಿಗೆ ತಿಳಿಯುತ್ತದೆ. ನಿರ್ಜನ ಗುಡ್ಡದಲ್ಲಿ ಒಬ್ಬರೇ ಹೋಗುವವರಿಗೆ ಆ ಭಾರ ಹೊರಿ ಎಂದು ಒತ್ತಾಯಿಸಿಯೇ ಹೇಳುತ್ತೇನೆ. ಡಾಂಬರು ಮುಕ್ಕಾಲು, ಮಣ್ಣು ಕಾಲು ಭಾಗ ಓಡಿಸುವವರಿಗೆ ಅದನ್ನು ಮಾರುವುದಿಲ್ಲ.

ಗಾಳಿಯ ಮಾತಂತೂ ಎಲ್ಲರಿಗೂ ಮತ್ತೆ ಮತ್ತೆ ಹೇಳಬೇಕು. ಎಪ್ಪತ್ತು ಕಿಲೋ ತೂಗುವವರಿಗೆ 40 ಮಿಲಿಮೀಟರ್ ಟೈರಿನಲ್ಲಿ 30ರಿಂದ 38 ಪಿಎಸ್‌ಐ ಸಾಕು. ಕಲ್ಲಿನಂತೆ ಗಟ್ಟಿ ಮಾಡಿದರೆ ಟೈರು ಬಾಗುವುದಿಲ್ಲ, ಬಾಗದ ಟೈರನ್ನು ಕಲ್ಲು ಕೊಯ್ಯುತ್ತದೆ. ತೀರಾ ಇಳಿಸಿದರೆ ರಿಮ್ಮು ನೆಲಕ್ಕೆ ಬಡಿದು ಟೈರನ್ನು ಕಚ್ಚುತ್ತದೆ. ಜಾಗವಿರುವ ಸೈಕಲ್ಲಿಗೆ 45 ಹಾಕುವುದು ಲೇಸು. ಸೀಲೆಂಟ್ ಹಾಕಿದ ಮೇಲೆ ಮರೆಯುವಂತಿಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಗೆ ಎರಡು ತಿಂಗಳಲ್ಲೇ ಅದು ಒಣಗಿ ಹಪ್ಪಳವಾಗುತ್ತದೆ. ಟೈರು ಅಲುಗಿಸಿದಾಗ ಒಳಗೆ ದ್ರವದ ಸದ್ದು ಬರಬೇಕು. ಸವಾರರು ಜೊತೆಗೆ ಒಯ್ಯಬೇಕಾದದ್ದು ತೂತಿಗೆ ತುರುಕುವ ಪ್ಲಗ್, ಒಂದು ಟ್ಯೂಬು, ಪಕ್ಕೆ ಸೀಳಿದರೆ ಒಳಗಿಡಲು ಹಳೆಯ ಟೈರಿನ ಅಂಗೈ ಅಗಲದ ತುಂಡು. ಈ ಕೊನೆಯದು ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ. ಅಪ್ಪ ಹರಿದ ಟೈರುಗಳಿಗೆ ಮಾಡುತ್ತಿದ್ದ ಚಿಕಿತ್ಸೆ.

2021ರಲ್ಲಿ ನಾನು ಹಿರಿಯೂರಿಗೆ ವಾಪಸಾದೆ. ಅದೇ ಮಳಿಗೆ, ಅದೇ ಹೊಂಗೆ ಮರ. ಬಾಂಡ್ಲಿಯ ಪಕ್ಕದಲ್ಲಿ ಕಂಪ್ರೆಸರ್ ಬಂತು. ಊರಿನ ಸೈಕಲ್ಲುಗಳ ಜೊತೆಗೆ ವಾರದ ಕೊನೆಗೆ ಬೆಂಗಳೂರಿನ ಸವಾರರೂ ಬರತೊಡಗಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿತು. 1933ರ ನಂತರ ಅದೇ ಮೊದಲು. ಊರಿಗೆ ಊರೇ ನೋಡಲು ಹೋಯಿತು. ಗ್ರಾವೆಲ್ ಬೈಕಿನವರೂ ಗುಂಪು ಗುಂಪಾಗಿ ಬಂದರು. ಅವರಲ್ಲಿ ಒಬ್ಬ ಹುಡುಗಿ ಅಲ್ಲಿಂದ ಮುಂದೆ ಗುಡ್ಡದ ದಾರಿಗಳನ್ನೆಲ್ಲ ಸುತ್ತಿ, ಚಳಿಗಾಲದಲ್ಲಿ ಇನ್ನೆರಡು ಸಲ ಬಂದು, ಸೀಲೆಂಟ್ ಬದಲಾಯಿಸಲು ಸೈಕಲ್ ಬಿಟ್ಟುಹೋದಳು. ಒಮ್ಮೆಯೂ ಪಂಕ್ಚರ್ ಆಗಿಲ್ಲ ಎಂದು ಸಂತೋಷದಿಂದ ಹೇಳಿದಳು.

ಅಪ್ಪನಿಗೆ ಆಗ ಎಪ್ಪತ್ತೆಂಟು. ಕಣ್ಣು ಮಂಜು. ಬಿಚ್ಚಿದ ಟೈರನ್ನು ಒರೆಸಿ ಅವನ ತೊಡೆಯ ಮೇಲಿಟ್ಟೆ. ಅವನ ಹೆಬ್ಬೆರಳು ಒಳಗೆ ಸುತ್ತತೊಡಗಿತು. ನಿಂತಿತು. ಇಕ್ಕಳ ಕೇಳಿದ. "ನೆಗ್ಗಿಲು." ಮತ್ತೆ ನಿಂತಿತು. "ನೆಗ್ಗಿಲು... ಇದು ಜಾಲಿ." ಒಂಬತ್ತು ಮುಳ್ಳು. ಒಂಬತ್ತೂ ಒಳಗೇ ಮುರಿದು, ಸುತ್ತ ಹಾಲು ಗಟ್ಟಿಯಾಗಿ ಕೂತಿದ್ದವು. ಮುಳ್ಳು ತೆಗೆಯದೆ ಮುಂದೆ ಹೋಗಬಾರದು ಎಂದು ಬದುಕಿಡೀ ಹೇಳಿದ ಅಪ್ಪ ಬಹಳ ಹೊತ್ತು ಆ ಟೈರನ್ನು ಸವರುತ್ತಾ ಕೂತ.

"ಯಾವ ದಾರೀಲಿ ಬಂದ್ಳಂತೆ ಈ ಮಗು?"

ಹೇಳಿದೆ. ಗಾಳಿಯಂತ್ರದ ಗುಡ್ಡ, ಎಡಕ್ಕೆ ಕಡಿದ ಬಂಡೆಯ ಗೋಡೆ ಇರುವ ಇಳಿಜಾರು.

"ಹಂಗಾದ್ರೆ ಎಡಗಡೆ ಪಕ್ಕೆ ನೋಡು. ಗೋಡೆಯಿಂದ ಉದುರಿದ ಕಲ್ಲು ಎಡಕ್ಕೇ ಬಿದ್ದಿರ್ತವೆ."

ಬೆಳಕಿಗೆ ಹಿಡಿದು ಬಾಗಿಸಿದೆ. ಎಡ ಪಕ್ಕೆಯಲ್ಲಿ ಉಗುರಿನುದ್ದದ ಗೀರು, ಒಳಗಿನ ಎಳೆಗಳು ಆಗಲೇ ಕಾಣುತ್ತಿದ್ದವು. ಇನ್ನೊಂದು ಕಲ್ಲು ತಾಗಿದ್ದರೆ ಆ ಹುಡುಗಿ ಗುಡ್ಡದ ಮೇಲೆ ನಿಲ್ಲುತ್ತಿದ್ದಳು. ಅವಳಿಗೆ ಫೋನ್ ಮಾಡಿ ಈ ಟೈರು ಮತ್ತೆ ಹಾಕುವುದಿಲ್ಲ ಎಂದೆ, ಅಂಚಿನಿಂದ ಅಂಚಿಗೆ ಬಟ್ಟೆ ಹಾಸಿದ್ದನ್ನು ತರಿಸುತ್ತೇನೆ ಎಂದು ಕಾರಣ ಬಿಡಿಸಿ ಹೇಳಿದೆ. ಅಪ್ಪ ಅಷ್ಟರಲ್ಲಿ ಒಂಬತ್ತು ಮುಳ್ಳನ್ನೂ ಅಂಗೈಯಲ್ಲಿ ಗುಡ್ಡೆ ಮಾಡಿಕೊಂಡು ಗೋಡೆಯ ಗೂಡು ತಡಕುತ್ತಿದ್ದ. ಡಬ್ಬಿ ಇಳಿಸಿ ಅವನ ಕೈಗೆ ಕೊಟ್ಟೆ.