ಆಲ್ಸಾಸಿನ ಈರುಳ್ಳಿ ರೊಟ್ಟಿ

ರೈನ್ ನದಿಗೂ ವೋಸ್ಜ್ ಬೆಟ್ಟಗಳಿಗೂ ನಡುವಣ ಆಲ್ಸಾಸ್ ನಾಡು 1871ರಲ್ಲಿ ಜರ್ಮನಿಯ ಪಾಲಾಯಿತು. 1918ರಲ್ಲಿ ಫ್ರಾನ್ಸಿಗೆ ಮರಳಿತು. 1940ರಲ್ಲಿ ಪುನಃ ಜರ್ಮನರ ಕೈಸೇರಿ, ಯುದ್ಧ ಮುಗಿದಾಗ ಫ್ರಾನ್ಸಿಗೇ ಉಳಿಯಿತು. ಬಾವುಟಗಳು ಬದಲಾದರೂ ರೈತರ ಮನೆಯ 'ಫ್ಲಾಮ್ಮೆಕ್ಯೂಷೆ' ಬದಲಾಗಲಿಲ್ಲ.

ಬ್ರೆಡ್ಡು ಸುಡುವ ದಿನ ಸೌದೆಯ ಭಟ್ಟಿಯ ಕಾವನ್ನು ಪರೀಕ್ಷಿಸಲು ಹುಟ್ಟಿದ ತಿನಿಸಿದು. ಕಾವು ಮಿತಿಮೀರಿದರೆ ಮನೆಮಂದಿಯ ಹಲವು ದಿನಗಳ ಆಹಾರವೇ ಇದ್ದಿಲಾದೀತು! ಆದುದರಿಂದ ಗೃಹಿಣಿಯು ಒಂದು ಹಿಡಿ ಹಿಟ್ಟನ್ನು ಬಲು ತೆಳ್ಳಗೆ ಲಟ್ಟಿಸಿ, ಕೆನೆಯನ್ನೂ ಮೆದುವಾದ ತಾಜಾ ಚೀಸನ್ನೂ ಸವರಿ, ಎಳೆಎಳೆಯಾಗಿ ಹೆಚ್ಚಿದ ಹಸಿ ಈರುಳ್ಳಿಯನ್ನೂ ಹಂದಿಮಾಂಸದ ಚೂರುಗಳನ್ನೂ ಹರಡಿ ಒಳಗೆ ತಳ್ಳುವಳು. ಒಂದೆರಡು ನಿಮಿಷಗಳಲ್ಲೇ ಅಂಚು ಕಪ್ಪೇರಿತೆಂದರೆ ಬ್ರೆಡ್ಡಿನ ಸರದಿ ಇನ್ನೂ ಬಂದಿಲ್ಲವೆಂದೇ ಅರ್ಥ.

ಈಗ ಮನೆಯ ವಿದ್ಯುತ್ ಓವನ್ನಿನಲ್ಲೂ ಇದನ್ನು ಮಾಡುತ್ತಾರೆ. ತಟ್ಟೆಯನ್ನು 250 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕಾಯಿಸಿಟ್ಟರೆ ಸುಮಾರು ಹತ್ತು ನಿಮಿಷಗಳಲ್ಲಿ ರೊಟ್ಟಿ ಗರಿಗರಿಯಾಗುವುದು. ಈರುಳ್ಳಿ ದಪ್ಪವಾದರೆ ಅರೆಬೆಂದು ನೀರೊಸರಿ, ತಳ ಮೆತ್ತಗಾಗುವುದು. ಮಾಂಸ ಒಲ್ಲದವರು ಅದನ್ನು ಬಿಡಬಹುದು. ಈರುಳ್ಳಿಯೇ ಇಲ್ಲಿ ಯಜಮಾನ. ಮರದ ಹಲಗೆಯ ಮೇಲೆ ಬಂದುದನ್ನು ತುಂಡರಿಸಿ, ಸುರುಳಿ ಸುತ್ತಿ, ಬಿಸಿಯಾರುವ ಮುನ್ನವೇ ಕೈಯಿಂದ ತಿನ್ನುತ್ತಾರೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬೆಂದಿರುತ್ತದೆ.